ಕೆನಡಾದಲ್ಲಿ ಸಂಘಕ್ಕೊಂದು ಲಾಂಛನ: ಅರ್ಜಿಯಿಂದ ಗೆಜೆಟ್‌ವರೆಗೆ

ಮೊದಲು ಮಾಡಬಾರದ ಕೆಲಸವೆಂದರೆ ಲೋಗೊ ಬರೆಸಿಕೊಂಡು ಹೋಗಿ ಅದಕ್ಕೇ ಮಂಜೂರಾತಿ ಕೇಳುವುದು. ಹೆರಾಲ್ಡ್ರಿಯಲ್ಲಿ, ಅಂದರೆ ಲಾಂಛನ ರೂಪಿಸುವ ಶಾಸ್ತ್ರದಲ್ಲಿ, ತೂಕ ಇರುವುದು ಚಿತ್ರಕ್ಕಲ್ಲ, ಅದನ್ನು ಬಣ್ಣಿಸುವ ಮಾತಿಗೆ. ಆ ವಿವರಣೆಗೆ ಬ್ಲೇಜನ್ ಎನ್ನುತ್ತಾರೆ. ಅದನ್ನು ಓದಿ ಯಾವ ಕಲಾವಿದ ಬರೆದರೂ ಅದು ಅದೇ ಲಾಂಛನ. ಕೆಂಪು ಎಂದರೆ ಸಾಕು, ಕೆಂಪಿನ ಛಾಯೆಯ ನಂಬರ್ ಬೇಕಿಲ್ಲ.

1988ರ ಜೂನ್ 4ರವರೆಗೆ ಕೆನಡಾದವರು ಲಂಡನ್ನಿಗೋ ಎಡಿನ್‌ಬರೋಗೋ, ಅಲ್ಲಿನ ಲಾಂಛನ ಕಚೇರಿಗೆ ಬರೆದುಕೊಳ್ಳಬೇಕಿತ್ತು. ಈಗ ಒಟ್ಟಾವದಲ್ಲಿ ಗವರ್ನರ್ ಜನರಲ್ ಕಚೇರಿಯಡಿ ಲಾಂಛನ ಮಂಜೂರು ಮಾಡುವ ಕೆನಡಿಯನ್ ಹೆರಾಲ್ಡಿಕ್ ಅಥಾರಿಟಿ ಇದೆ. ಅದನ್ನು ನಡೆಸುವ ಚೀಫ್ ಹೆರಾಲ್ಡ್ ಹೆಸರಿಗೆ ಬರೆದ ನಮ್ಮ ಸಂಘದ ಅರ್ಜಿಯ ಜೊತೆ ನೋಂದಣಿ ಪತ್ರ, ಸಂಘದ ಇತಿಹಾಸ, ಹಣಕಾಸಿನ ವರದಿ, ಆಡಳಿತ ಮಂಡಳಿಯ ಠರಾವು ಇಟ್ಟೆವು. ಠರಾವಿಲ್ಲದ ಅರ್ಜಿ ಅಧ್ಯಕ್ಷರ ಸ್ವಂತ ಆಸೆಯಂತೆ ಕಾಣುತ್ತದೆ. ಅರ್ಜಿ ಒಪ್ಪಿದ ಮೇಲೆ ಮಂಜೂರಾತಿಗೆ ಅನುಮತಿ ಕೊಡುವ ವಾರಂಟ್ ಹೊರಡುತ್ತದೆ, ಲಾಂಛನ ರೂಪಿಸಲು ಒಬ್ಬ ಹೆರಾಲ್ಡ್, ಅಂದರೆ ಲಾಂಛನ ಅಧಿಕಾರಿ, ನೇಮಕವಾಗುತ್ತಾರೆ. ಮೊದಲು ಬರುವುದು ಬರೀ ಬರವಣಿಗೆಯ ಪ್ರಸ್ತಾಪ, ಆಮೇಲೆ ಕರಡು ಚಿತ್ರ. ತಿದ್ದುವುದೆಲ್ಲ ಬರವಣಿಗೆಯ ಹಂತದಲ್ಲೇ ಮುಗಿಸಿಕೊಳ್ಳಬೇಕು.

ನಮ್ಮ ತಲೆತಿಂದದ್ದು ಬಣ್ಣ. ನಿಯಮ ಸರಳ: ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ಹಳದಿ ಚಿನ್ನದ ಲೆಕ್ಕಕ್ಕೆ, ಬಿಳಿ ಬೆಳ್ಳಿಯ ಲೆಕ್ಕಕ್ಕೆ. ಕೆಂಪು, ನೀಲಿ, ಹಸಿರು, ಕಪ್ಪು ಬಣ್ಣಗಳು. ಹಾಗೆ ನೋಡಿದರೆ ನಮ್ಮ ಅರಿಶಿನ ಕುಂಕುಮದ ಜೋಡಿ ಹೇಳಿ ಮಾಡಿಸಿದಂತಿದೆ. ಆದರೆ ಮೇಲೆ ಹಳದಿ, ಕೆಳಗೆ ಕೆಂಪು ಇರುವ ಲಾಂಛನದ ಗುರಾಣಿಯ ನಡುವೆ ಒಂದೇ ಕೆಂಪು ಹಕ್ಕಿ ಕೂರಿಸಿದರೆ ಅದರ ಕೆಳಗಿನ ಅರ್ಧ ಮಾಯ. ದಾರಿ ಎಂದರೆ ಬಣ್ಣ ಅದಲುಬದಲು: ಹಳದಿಯ ಮೇಲೆ ಬಿದ್ದ ಭಾಗ ಕೆಂಪು, ಕೆಂಪಿನ ಮೇಲೆ ಬಿದ್ದದ್ದು ಹಳದಿ. ಕೆಂಪು ಗುರಾಣಿಯಲ್ಲಿ ಬಿಳಿ ಗಂಡಭೇರುಂಡ ಅಂತೂ ಬೇಡವೇ ಬೇಡ. ಅದು ಕರ್ನಾಟಕ ಸರ್ಕಾರದ ಲಾಂಛನ.

ಗಂಡಭೇರುಂಡ ಎಂದಷ್ಟೇ ಬರೆದರೂ ಕೆಡುತ್ತದೆ. ಬಳ್ಳಿಗಾವಿಯ ಕಂಬದ ಮೇಲಿರುವುದಕ್ಕೆ ಮನುಷ್ಯನ ಮೈ. ಕೆಳದಿ ರಾಮೇಶ್ವರ ಗುಡಿಯ ಛಾವಣಿಯದು ಆನೆಗಳನ್ನು ಹಿಡಿದ ಹಕ್ಕಿ. ಯುರೋಪಿನ ಕಲಾವಿದರ ಕೈಗೆ ತಾನಾಗಿ ಬರುವುದು ಎರಡು ತಲೆಯ ಹದ್ದು. ಹಾಗಾಗಿ ಫೋಟೊ ಕೊಟ್ಟು, ಯಾವ ಬಗೆಯದು, ಕೊಕ್ಕಿನಲ್ಲಿ ಏನಿದೆ, ಉಗುರಲ್ಲಿ ಏನಿದೆ ಎಂದು ಬರೆದು ತಿಳಿಸಬೇಕು. ಎಡ ಬಲ ಹೇಳುವಾಗಲೂ ಹುಷಾರು: ಬಲ ಎಂದರೆ ಗುರಾಣಿ ಹಿಡಿದವನ ಬಲ, ನೋಡುವವರ ಎಡ.

ಧ್ಯೇಯವಾಕ್ಯ ಕನ್ನಡದಲ್ಲೇ ಬೇಕಿದ್ದರೆ ಒತ್ತಕ್ಷರ ಕಡಿಮೆಯಿರುವ ಎರಡು ಮೂರು ಪದ ಆರಿಸಿ. ಲೆಟರ್‌ಹೆಡ್ಡಿನಲ್ಲಿ ಧ್ಯೇಯವಾಕ್ಯದ ಪಟ್ಟಿ ಬೆರಳಗಲಕ್ಕೆ ಇಳಿದಾಗ ಒತ್ತುಗಳು ಮಸಿಯ ಚುಕ್ಕೆಯಾಗುತ್ತವೆ. ಗುರಾಣಿಯೊಳಗೆ ಅಕ್ಷರ ಬೇಡ. ಗುರಾಣಿಯ ಎರಡು ಕಡೆ ನಿಲ್ಲುವ ಪ್ರಾಣಿಗಳು ಎಲ್ಲ ಸಂಸ್ಥೆಗೂ ಸಿಗುವುದಿಲ್ಲ. ಶರಭದ ಆಸೆ ಇಟ್ಟುಕೊಂಡು ಕೂರಬೇಡಿ.

ಕೊನೆಗೆ ಬರುವುದು ಲೆಟರ್ಸ್ ಪೇಟೆಂಟ್ ಎಂಬ ಮಂಜೂರಾತಿ ಪತ್ರ, ಜೊತೆಗೆ ಸಾರ್ವಜನಿಕ ರಿಜಿಸ್ಟರಿನಲ್ಲಿ ದಾಖಲೆ, ಕೆನಡಾ ಗೆಜೆಟ್ಟಿನಲ್ಲಿ ಪ್ರಕಟಣೆ. ವರ್ಷದೊಳಗೆ ಕೈಗೆ ಬರುತ್ತದೆಂದು ನಂಬಿ ಬೆಳ್ಳಿಹಬ್ಬದ ಆಮಂತ್ರಣ ಅಚ್ಚಿಗೆ ಕೊಡಬೇಡಿ. ಟ್ರೇಡ್‌ಮಾರ್ಕ್ ಕಾಯ್ದೆಯ ರಕ್ಷಣೆಗೆ ರಿಜಿಸ್ಟ್ರಾರರ ಪ್ರಕಟಣೆ ಬೇರೆಯೇ ಆಗಬೇಕು.