ಓಡುವ ಟ್ರೇಲರಿನಲ್ಲಿ ಫ್ರಿಜ್ ತಣ್ಣಗಿಟ್ಟ ಬಗೆ

ನಮ್ಮ ಅವ್ವನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಬಳಸಲು ತೆಗೆದ ಬಾಟಲಿ ಕೆಲವು ವಾರ ಹೊರಗಿದ್ದರೂ ನಡೆಯುತ್ತದೆ. ಇನ್ನೂ ತೆರೆಯದ ಬಾಟಲಿಗಳನ್ನು ಮಾತ್ರ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇಡಬೇಕು. ಬಿಸಿಯಾದರೆ ಔಷಧಿಯ ಕಸುವು ಕುಗ್ಗುತ್ತದೆ, ಹೆಪ್ಪುಗಟ್ಟಿದರೆ ಎಸೆಯದೆ ಬೇರೆ ದಾರಿಯಿಲ್ಲ. ಟ್ರೇಲರಿನ ಫ್ರಿಜ್ಜಿಗಾಗಿ ನಾನು ಇಷ್ಟೊಂದು ಒದ್ದಾಡಿದ್ದು ಈ ಕಾರಣಕ್ಕೆ. ಊಟದ ಚಿಂತೆ ನಮಗೆ ಎಂದೂ ಇರಲಿಲ್ಲ. ವಿಜಯಪುರದ ಕಡೆಯವರು ನಾವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೊರಟರೆ ವಾರಗಟ್ಟಲೆ ಕೆಡದ ಬುತ್ತಿ ಅದು. ಹಾಲು, ಮೊಸರು, ಔಷಧಿ, ಈ ಮೂರಕ್ಕೆ ಮಾತ್ರ ತಂಪು ಬೇಕು.

ಚಿಂಚವಡದಲ್ಲಿ ನೆಲೆಸಿ ಬಹಳ ವರ್ಷಗಳಾದವು. ತಂಗಿಯ ಮನೆ ಗೋವೆಯ ವಾಸ್ಕೋದಲ್ಲಿದೆ. ಅವ್ವನಿಗೆ ಬಸ್ಸಿನಲ್ಲಿ ರಾತ್ರಿಯಿಡೀ ಕೂರಲು ಆಗುವುದಿಲ್ಲ, ಬೇಕೆಂದಾಗ ಕಾಲು ಚಾಚಿ ಮಲಗಬೇಕು. ಹಾಗಾಗಿ ಕಾರಿನ ಹಿಂದೆ ಕಟ್ಟುವ ಚಿಕ್ಕದೊಂದು ಟ್ರೇಲರನ್ನು ಹಳೆಯದೇ ಕೊಂಡೆ. ಅದರೊಳಗೆ ವಿದೇಶದಿಂದ ಬಂದ 90 ಲೀಟರಿನ ಒಂದು ಫ್ರಿಜ್ ಇತ್ತು. ಮೂರು ಬಗೆಯ ಶಕ್ತಿಯಲ್ಲಿ ನಡೆಯುವಂಥದ್ದು: ಮನೆಯ 230 ವೋಲ್ಟ್, ವಾಹನದ 12 ವೋಲ್ಟ್, ಇಲ್ಲವೇ ಅಡುಗೆ ಅನಿಲ. ಮಾರಿದವರು ಕಾರಿನಿಂದ ಒಂದು ತಂತಿ ಎಳೆದು ಜೋಡಿಸಿಯೂ ಕೊಟ್ಟರು. ಅಷ್ಟು ಸಾಕು ಎಂದು ನಂಬಿ ಏಪ್ರಿಲ್ ತಿಂಗಳಲ್ಲಿ ಹೊರಟೆವು.

ಕಾತ್ರಜ್ ಸುರಂಗ ದಾಟಿ, ಖಂಬಾಟ್ಕಿ ಘಾಟು ಹತ್ತಿ ಇಳಿದು, ಸಾತಾರಾ ಹಿಂದೆ ಹಾಕಿ ಕರಾಡ್ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹಾಲು ತೆಗೆಯಲು ಫ್ರಿಜ್ ಬಾಗಿಲು ತೆರೆದೆ. ಒಳಗಿಟ್ಟಿದ್ದ ಥರ್ಮಾಮೀಟರ್ 14 ತೋರಿಸುತ್ತಿತ್ತು. ಬೆಳಗ್ಗೆ ಮನೆಯ ಕರೆಂಟಿನಲ್ಲಿ ಅದೇ ಥರ್ಮಾಮೀಟರ್ 4 ತೋರಿಸಿದ್ದನ್ನು ನಾನೇ ನೋಡಿದ್ದೆ. ಔಷಧಿಯ ಡಬ್ಬಿಯನ್ನು ಐಸ್ ತುಂಬಿದ ಥರ್ಮಾಸಿಗೆ ಬಟ್ಟೆ ಸುತ್ತಿ ವರ್ಗಾಯಿಸಿದೆವು. ನೆಂಟರ ಮನೆಯಲ್ಲಿ ಊಟ, ನಿದ್ದೆ ಎಂದು ನಾಲ್ಕು ಗಂಟೆ ನಿಂತೆವು. ಹೊರಡಲು ಕೀಲಿ ತಿರುಗಿಸಿದರೆ ಎಂಜಿನ್ ಟಕ್ ಟಕ್ ಎಂದು ಸುಮ್ಮನಾಯಿತು. ಫ್ರಿಜ್ ಕಾರಿನ ಬ್ಯಾಟರಿಯನ್ನು ಹೀರಿ ಹಾಕಿತ್ತು, ತಾನೂ ತಣ್ಣಗಾಗಿರಲಿಲ್ಲ. ಅವ್ವ ಏನೂ ಅನ್ನಲಿಲ್ಲ. ಥರ್ಮಾಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ನೋಟ ನನ್ನನ್ನು ಬಹಳ ದಿನ ಕಾಡಿತು.

ಗೋವೆಯಿಂದ ಮರಳಿದ ಮೇಲೆ ಒಂದು ಭಾನುವಾರ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ. ಈ ಬಗೆಯ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ತುಂಬಿದ ಮುಚ್ಚಿದ ಕೊಳವೆಗಳಿವೆ. ಕೆಳಗೆ ಕಾವು ಕೊಟ್ಟರೆ ಅಮೋನಿಯಾ ನೀರಿನಿಂದ ಬೇರ್ಪಟ್ಟು ಮೇಲೇರಿ, ದ್ರವವಾಗಿ, ಒಳಗೆ ಆವಿಯಾಗುವಾಗ ತಂಪು ಹುಟ್ಟಿಸುತ್ತದೆ. ಅಂದರೆ 12 ವೋಲ್ಟಿನಲ್ಲಿ ಅದು ನೇರವಾಗಿ ಒಂದು ಹೀಟರ್. ನನ್ನದರ ಫಲಕದ ಮೇಲೆ 120 ವ್ಯಾಟ್ ಎಂದಿತ್ತು. ಎಂದರೆ ಹತ್ತು ಆಂಪಿಯರ್, ಬಿಡುವಿಲ್ಲದೆ. 12 ವೋಲ್ಟಿನಲ್ಲಿ ಅದಕ್ಕೆ ತಂಪಾದಾಗ ತಾನೇ ನಿಲ್ಲಿಸುವ ಥರ್ಮೋಸ್ಟಾಟ್ ಕೂಡ ಇರಲಿಲ್ಲ. ನಾಲ್ಕು ಗಂಟೆಯಲ್ಲಿ ಸುಮಾರು ನಲವತ್ತು ಆಂಪಿಯರ್-ಗಂಟೆ ಹೋದರೆ ಕಾರಿನ 65 ಆಂಪಿಯರ್-ಗಂಟೆಯ ಬ್ಯಾಟರಿ ಎಂಜಿನ್ ಎಬ್ಬಿಸುವುದಾದರೂ ಹೇಗೆ?

ಇನ್ನು ಓಡುವಾಗ ತಂಪಾಗದಿದ್ದ ಕಾರಣ. ಎಂಜಿನ್ ನಡೆಯುತ್ತಿರುವಾಗ ಕಾರಿನ ಬ್ಯಾಟರಿಯ ಮೇಲೆ 12.6 ವೋಲ್ಟ್ ಇತ್ತು. ಹದಿನಾಲ್ಕು ಇರಬೇಕಲ್ಲ ಎಂದು ಎರಡು ಸಲ ಅಳೆದೆ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲಿನ ಹಲವು ವಾಹನಗಳಲ್ಲಿ, ಬ್ಯಾಟರಿ ತುಂಬಿದೆ ಎಂದು ಕಂಡ ಕೂಡಲೇ ಇಂಧನ ಉಳಿಸಲು, ಎಂಜಿನ್ನಿನ ಬಲದಿಂದ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ವೋಲ್ಟೇಜನ್ನು ತಗ್ಗಿಸುತ್ತದೆ. ನನ್ನ ಕಾರೂ ಅಂಥದ್ದೇ. ಹಿಂದೆ ಹೋಗಿ ಫ್ರಿಜ್ಜಿನ ತುದಿಯಲ್ಲಿ ಅಳೆದರೆ 10.7 ಮಾತ್ರ. ಸುಮಾರು ಎರಡು ವೋಲ್ಟ್ ದಾರಿಯಲ್ಲೇ ಕರಗಿತ್ತು. ತಂತಿ 1.5 ಚದರ ಮಿಲಿಮೀಟರಿನದು, ಮನೆಯ ದೀಪಕ್ಕೆ ಎಳೆಯುವಂಥದ್ದು. ಬಾನೆಟ್‌ನಿಂದ ಫ್ರಿಜ್ಜಿನವರೆಗೆ ಎಂಟು ಮೀಟರ್. ಹೋಗುವ ತಂತಿ, ಬರುವ ತಂತಿ ಸೇರಿ ಹದಿನಾರು. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. 12ರ ಜಾಗದಲ್ಲಿ 10.7 ಸಿಕ್ಕರೆ ಐದನೇ ಒಂದು ಭಾಗ ಶಾಖ ಹೋಯಿತು ಎಂದೇ ಲೆಕ್ಕ. ಹೊರಗೆ ಏಪ್ರಿಲ್ ಬಿಸಿಲು ಬೇರೆ.

ಹಾಗಿದ್ದರೆ ಓಡುವಾಗ ಅನಿಲದಲ್ಲಿ ನಡೆಸಬಹುದಲ್ಲ ಎಂದು ಕೆಲವರು ಹೇಳಿದರು. ಅನಿಲದಲ್ಲಿ ಅದು ಚೆನ್ನಾಗಿ ತಣ್ಣಗಾಗುತ್ತದೆ, ನಿಜ. ಆದರೆ ಓಡುವ ವಾಹನದಲ್ಲಿ ಅದಕ್ಕೆ ನನ್ನ ಒಪ್ಪಿಗೆ ಇಲ್ಲವೇ ಇಲ್ಲ. ಅನಿಲದಲ್ಲಿ ನಡೆಸುವುದೆಂದರೆ ಟ್ರೇಲರಿನ ಬದಿಯಲ್ಲಿ ಒಂದು ಜ್ವಾಲೆ ಉರಿಯುತ್ತಿರುವುದು. ಅದನ್ನು ಉರಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋಗುವುದುಂಟೇ? ಸಾತಾರಾ ಕಡೆಯಿಂದ ಪುಣೆಗೆ ಮರಳುವಾಗ ಖಂಬಾಟ್ಕಿ ಸುರಂಗದೊಳಗೆ ನುಗ್ಗುವುದುಂಟೇ? ನಮ್ಮ ರಸ್ತೆಯ ಗುಂಡಿಗಳಿಗೆ ಒಂದು ರಬ್ಬರ್ ಕೊಳವೆ ಸಡಿಲವಾದರೆ, ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಹಾಸಿಗೆಯ ಮೇಲೆ ಮಲಗಿದವರಿಗೆ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಹೊರಡುವ ಮುನ್ನ ಸಿಲಿಂಡರಿನ ಕವಾಟವನ್ನೇ ಮುಚ್ಚಬೇಕು, ಫ್ರಿಜ್ಜಿನ ಗುಬುಟನ್ನಷ್ಟೇ ತಿರುಗಿಸಿದರೆ ಸಾಲದು. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ.

ಮನೆಯ ಚಿಕ್ಕ ಫ್ರಿಜ್ಜನ್ನೇ ಇನ್ವರ್ಟರಿಗೆ ಹಾಕಿ ಒಯ್ಯುವವರೂ ಇದ್ದಾರೆ. ನಡೆಯುತ್ತದೆ. ಆದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಇನ್ವರ್ಟರ್ ಸುಮ್ಮನಿದ್ದಾಗಲೂ ಒಂದಿಷ್ಟು ತಿನ್ನುತ್ತದೆ.

ನಾನು ಆರಿಸಿದ ದಾರಿ ಬೇರೆ. ಫ್ರಿಜ್ಜಿಗೆ ಅದರದೇ ಬ್ಯಾಟರಿ ಇರಬೇಕು, ಕಾರು ಆ ಬ್ಯಾಟರಿಯನ್ನು ತುಂಬಿಸುವ ಕೆಲಸ ಮಾತ್ರ ಮಾಡಬೇಕು. ಹಳೆಯ ಫ್ರಿಜ್ಜನ್ನು ಬಿಚ್ಚಿ ಅನಿಲದ ಕೊಳವೆಗಳನ್ನೆಲ್ಲ ತೆಗೆಸಿ, 12 ವೋಲ್ಟಿನ ಕಂಪ್ರೆಸರ್ ಇರುವ 45 ಲೀಟರಿನ ಪೆಟ್ಟಿಗೆ ಫ್ರಿಜ್ ತಂದೆ. ಇದು ಮೇಲಿನಿಂದ ಮುಚ್ಚಳ ತೆರೆಯುವಂಥದ್ದು. ತೆರೆದಾಗ ತಂಪು ಗಾಳಿ ಸೋರಿ ಹೋಗುವುದಿಲ್ಲ. ಬಾವಿಯ ತಳದಲ್ಲಿ ನಿಂತಂತೆ ಒಳಗೇ ನಿಲ್ಲುತ್ತದೆ. ನಡೆಯುವಾಗ ನಾಲ್ಕೈದು ಆಂಪಿಯರ್ ಎಳೆಯುತ್ತದೆ, ತಂಪಾದ ಮೇಲೆ ನಿಲ್ಲುತ್ತದೆ. ಘಾಟಿನ ಏರಿನಲ್ಲಿ ಓರೆಯಾದರೂ ಚಿಂತೆಯಿಲ್ಲ. ಹಳೆಯದು ಹಾಗಲ್ಲ. ಅದರಲ್ಲಿ ದ್ರವ ಗುರುತ್ವದ ಬಲದಿಂದಷ್ಟೇ ಹರಿಯುವುದರಿಂದ ನಿಲ್ಲಿಸಿದ ಜಾಗ ಮಟ್ಟಸವಾಗಿಲ್ಲದಿದ್ದರೆ ತಂಪೇ ನಿಂತುಹೋಗುತ್ತಿತ್ತು.

ಬ್ಯಾಟರಿ 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್. ಇಡೀ ಕೆಲಸದಲ್ಲಿ ಹೆಚ್ಚು ಹಣ ಹೋದದ್ದು ಇದಕ್ಕೇ. ಸೀಸದ ಬ್ಯಾಟರಿ ಅಗ್ಗ, ಆದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ. ಕಾರಿಗೂ ಈ ಬ್ಯಾಟರಿಗೂ ನಡುವೆ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದೆ. ಕಾರಿನಿಂದ 12.5 ಬರಲಿ, 14 ಬರಲಿ, ಅದನ್ನು ಎತ್ತಿ ಲಿಥಿಯಮ್ಮಿಗೆ ಬೇಕಾದ 14.4ಕ್ಕೆ ತಂದು ಕೊಡುವುದು ಅದರ ಕೆಲಸ. ಇದಿಲ್ಲದೆ ಎರಡು ಬ್ಯಾಟರಿಗಳನ್ನು ನೇರವಾಗಿ ಜೋಡಿಸಿದರೆ, ಒಂದೋ ಬ್ಯಾಟರಿ ಎಂದೂ ತುಂಬುವುದಿಲ್ಲ, ಇಲ್ಲವೇ ಬರಿದಾದ ಲಿಥಿಯಂ ಒಮ್ಮೆಲೇ ಕರೆಂಟು ಹೀರಿ ಆಲ್ಟರ್ನೇಟರನ್ನು ಸುಡುವಷ್ಟು ಕಾಯಿಸುತ್ತದೆ. ಚಾರ್ಜರಿನ ಒಂದು ಚಿಕ್ಕ ತಂತಿ ಇಗ್ನಿಷನ್ನಿಗೆ ಹೋಗುತ್ತದೆ. ಎಂಜಿನ್ ನಿಂತರೆ ಚಾರ್ಜರೂ ನಿಲ್ಲುತ್ತದೆ. ಕರಾಡಿನ ಆ ಟಕ್ ಟಕ್ ಸದ್ದು ಮತ್ತೆ ಕೇಳಬಾರದೆಂದು ಮೊದಲು ಜೋಡಿಸಿದ ತಂತಿ ಅದೇ.

ತಂತಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಫ್ರಿಜ್ಜಿನ ಬಗ್ಗೆ ಕೇಳುತ್ತಾರೆ, ತಂತಿಯ ಬಗ್ಗೆ ಯಾರೂ ಕೇಳುವುದಿಲ್ಲ. ಪುಣೆಯ ಬುಧವಾರ ಪೇಟೆಯ ತಪ್ಕೀರ್ ಗಲ್ಲಿಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿಗಳ ಸಾಲೇ ಇದೆ. ಅಲ್ಲಿ 16 ಚದರ ಮಿಲಿಮೀಟರಿನ, ಸಣ್ಣ ಎಳೆಗಳ, ಬಾಗುವ ತಾಮ್ರದ ತಂತಿ ಕೊಂಡೆ. ಅಂಗಡಿಯವರು ಇಷ್ಟು ದಪ್ಪ ಯಾಕೆ, ನಾಲ್ಕರದು ಸಾಕು ಎಂದರು. 12 ವೋಲ್ಟಿನಲ್ಲಿ ಸಾಲುವುದಿಲ್ಲ. ಚಾರ್ಜರ್ 20 ಆಂಪಿಯರ್ ಹೊರಗೆ ಕೊಡಬೇಕಾದರೆ ಕಾರಿನಿಂದ ಸುಮಾರು 26 ಎಳೆಯುತ್ತದೆ. ಹದಿನಾರು ಮೀಟರಿನಲ್ಲಿ ಈ ದಪ್ಪ ತಂತಿ ಅರ್ಧ ವೋಲ್ಟಿಗಿಂತ ಕಡಿಮೆ ನುಂಗುತ್ತದೆ. ನಾಲ್ಕರದು ಅದರ ನಾಲ್ಕು ಪಟ್ಟು ನುಂಗುತ್ತಿತ್ತು.

ತುದಿಗಳನ್ನು ಕೂರಿಸಿದ್ದು ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ, ಕಲಬುರಗಿ ಕಡೆಯ ಒಬ್ಬ ಹುಡುಗನ ಕೈಯಲ್ಲಿ. ಕನ್ನಡದಲ್ಲೇ ಮಾತಾಡುತ್ತಾ ಅವನು ತೋರಿಸಿಕೊಟ್ಟ ಒಂದು ಸಂಗತಿ ಮರೆಯಲಾರೆ. ತಂತಿಯ ಹೊದಿಕೆ ಬಿಡಿಸಿ, ಎಳೆಗಳನ್ನು ಹೊಸೆಯದೆ ನೇರವಾಗಿಯೇ ತಂತಿಯ ತುದಿಗೆ ತೊಡಿಸುವ ತಾಮ್ರದ ಲಗ್ಗಿನೊಳಗೆ ತೂರಿಸಿದ. ಹೈಡ್ರಾಲಿಕ್ ಇಕ್ಕಳದಲ್ಲಿ ಒತ್ತಿದ. ಆಮೇಲೆ ಲಗ್ಗನ್ನು ಕಾಲಡಿ ಮೆಟ್ಟಿ ತಂತಿಯನ್ನು ಮೈಭಾರ ಹಾಕಿ ಎಳೆದ. ಕದಲಲಿಲ್ಲ. ಬೆಸುಗೆ ಹಾಕು ಎಂದು ನಾನು ಹೇಳಿದ್ದೆ. ಬೇಡ ಎಂದ. ಬೆಸುಗೆ ಹಾಕಿದರೆ ಅದು ಮುಗಿಯುವ ಜಾಗದಲ್ಲಿ ತಂತಿ ಗಡುಸಾಗುತ್ತದೆ, ರಸ್ತೆಯ ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಕೊನೆಗೆ ಕಾವಿಗೆ ಕುಗ್ಗುವ ಕೊಳವೆ ತೊಡಿಸಿ ಮುಚ್ಚಿದ. ಕಾರಿನ ಬ್ಯಾಟರಿಯಿಂದ ಗೇಣು ದೂರದಲ್ಲಿ 40 ಆಂಪಿಯರಿನ ಒಂದು ಫ್ಯೂಸ್, ಟ್ರೇಲರಿನ ಬ್ಯಾಟರಿಯ ಬಳಿ ಅಂಥದ್ದೇ ಇನ್ನೊಂದು. ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ, ನಡುವೆ ತಂತಿ ಉಜ್ಜಿ ತಗುಲಿದರೆ ಬೆಂಕಿ ಎರಡೂ ಕಡೆಯಿಂದ ಬರಬಹುದು. ಕಾರಿಗೂ ಟ್ರೇಲರಿಗೂ ನಡುವೆ 50 ಆಂಪಿಯರಿನ ಆಂಡರ್ಸನ್ ಕನೆಕ್ಟರ್, ಅಂದರೆ ಹೆಚ್ಚು ಕರೆಂಟು ತಾಳುವ ಜೋಡಿಸಿ ಬಿಚ್ಚುವ ಪ್ಲಗ್ಗು, ಹಾಕಿದೆವು. ದೀಪಗಳಿಗೆಂದು ಇರುವ ಏಳು ಪಿನ್ನಿನ ಪ್ಲಗ್ಗಿನಲ್ಲಿ ಈ ಕರೆಂಟು ಕಳಿಸಬಾರದು. ಸಿಗರೇಟ್ ಲೈಟರಿನ ಸಾಕೆಟ್ಟಂತೂ ಬೇಡವೇ ಬೇಡ, ನಡುಕಕ್ಕೆ ಸಡಿಲವಾಗಿ ಪ್ಲಾಸ್ಟಿಕ್ ಕರಗುವಷ್ಟು ಬಿಸಿಯಾಗುತ್ತದೆ.

ಮತ್ತೆ ಅವ್ವನನ್ನು ಹತ್ತಿಸುವ ಮೊದಲು ಎಲ್ಲವನ್ನೂ ಅಂಗಳದಲ್ಲೇ ಪರೀಕ್ಷಿಸಿದೆ. ತುಂಬಿದ ಬ್ಯಾಟರಿ, ಫ್ರಿಜ್ 4 ಡಿಗ್ರಿಗೆ, ಬೇರೆ ಯಾವ ಆಸರೆಯೂ ಇಲ್ಲ. ಬಿಸಿಲಿನ ಒಂದು ಪೂರ್ತಿ ದಿನ ಮತ್ತು ರಾತ್ರಿಗೆ 36 ಆಂಪಿಯರ್-ಗಂಟೆ ಖರ್ಚಾಯಿತು. ಅಂದರೆ ಕಾರು ಓಡದಿದ್ದರೂ ಎರಡು ದಿನ ನಿಶ್ಚಿಂತೆ. ಚಾವಣಿಯ ಮೇಲೆ 100 ವ್ಯಾಟಿನ ಒಂದು ಸೌರ ಫಲಕವೂ ಇದೆ. ಒಳ್ಳೆಯ ಬಿಸಿಲಿನಲ್ಲಿ ಅದು ದಿನದ ಖರ್ಚಿನ ಬಹುಪಾಲನ್ನು ತುಂಬಿಕೊಡುತ್ತದೆ.

ನಿಜವಾದ ಪರೀಕ್ಷೆ ಜುಲೈನಲ್ಲಿ. ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ಫ್ರಿಜ್ಜನ್ನು ತಂಪು ಮಾಡಿ, ಒಳಗಿಡುವುದನ್ನೆಲ್ಲ ಮೊದಲೇ ತಣಿಸಿ ತುಂಬಿದ್ದೆವು. ಬಿಸಿ ಹಾಲನ್ನು ದಾರಿಯಲ್ಲಿ ಒಳಗಿಟ್ಟರೆ ಅದನ್ನು ತಣಿಸಲು ಬೇಕಾಗುವ ಶಕ್ತಿ ಬ್ಯಾಟರಿಯಿಂದಲೇ ಹೋಗಬೇಕಲ್ಲ. ಕೊಲ್ಹಾಪುರದಿಂದಲೇ ಮಳೆ ಹಿಡಿಯಿತು. ಬೆಳಗಾವಿಯಲ್ಲಿ ರಾತ್ರಿ ತಂಗಿ, ಕುಂದಾ ಕಟ್ಟಿಸಿಕೊಂಡು, ಬೆಳಗ್ಗೆ ಚೋರ್ಲಾ ಘಾಟು ಇಳಿದೆವು. ಮಂಜಿನಲ್ಲಿ ಮುಂದಿನ ತಿರುವು ಕಾಣುತ್ತಿರಲಿಲ್ಲ. ಸೌರ ಫಲಕದಿಂದ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ವಾಸ್ಕೋ ತಲುಪಿದಾಗ ಬ್ಯಾಟರಿಯ ಮೀಟರ್ ನೂರಕ್ಕೆ ನೂರು ತೋರಿಸುತ್ತಿತ್ತು. ಓಡಿದ ಪ್ರತಿ ಗಂಟೆಗೂ ಚಾರ್ಜರ್ 20 ಆಂಪಿಯರ್-ಗಂಟೆಯವರೆಗೆ ತುಂಬಬಲ್ಲದು. ಫ್ರಿಜ್ ತಿನ್ನುವುದು ಒಂದೂವರೆ ಮಾತ್ರ.

ಆ ಪ್ರಯಾಣದಲ್ಲಿ ಕಲಿತದ್ದು ಬೇರೆಯೇ ಒಂದು. ಫ್ರಿಜ್ 4 ಎಂದು ತೋರಿಸುತ್ತಿದ್ದರೂ ಗೋಡೆಗೆ ತಾಗಿಸಿಟ್ಟ ನೀರಿನ ಬಾಟಲಿಯ ಅಂಚಿನಲ್ಲಿ ಮಂಜುಗಡ್ಡೆಯ ತೆಳು ಪದರ ಕಟ್ಟಿತ್ತು. ತಂಪಿನ ಕೊಳವೆಗಳು ಆ ಗೋಡೆಯೊಳಗೇ ಇವೆ. ಔಷಧಿ ಅಲ್ಲಿದ್ದಿದ್ದರೆ ಹೆಪ್ಪುಗಟ್ಟಿ ಹಾಳಾಗುತ್ತಿತ್ತು, ಅದೂ ಕಣ್ಣಿಗೆ ಕಾಣದಂತೆ. ಈಗ ಇನ್ಸುಲಿನ್ನಿಗೆ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ, ಸುತ್ತ ಒಣ ಟವೆಲ್, ಜಾಗ ನಟ್ಟನಡುವೆ, ಮೇಲ್ಗಡೆ. ಥರ್ಮಾಮೀಟರಿನ ತುದಿ ಡಬ್ಬಿಯೊಳಗೇ ಇರುತ್ತದೆ, ಅದರ ಪರದೆ ಅವ್ವನ ತಲೆದಿಂಬಿನ ಪಕ್ಕದಲ್ಲಿ.

ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೆಲ್ಲ ನಾನು ಆಂಡರ್ಸನ್ ಕನೆಕ್ಟರನ್ನು ಅಂಗೈಯಲ್ಲಿ ಹಿಡಿದು ನೋಡುತ್ತೇನೆ. ಬೆಚ್ಚಗಿದ್ದರೆ ಸರಿ. ಬಿಸಿ ತಟ್ಟಿದರೆ ಒಳಗೆ ಧೂಳೋ ಸಡಿಲವೋ ಇದೆ ಎಂದರ್ಥ, ಬಿಚ್ಚಿ ಒರೆಸಿ ಮತ್ತೆ ಹಾಕುತ್ತೇನೆ. ಒಳಗಿನಿಂದ ಅವ್ವ ಪರದೆ ನೋಡಿ ಅಂಕಿ ಕೂಗುತ್ತಾಳೆ. ಕಳೆದ ಸಲ ಕಾಗಲ್ ಹತ್ತಿರ ನಿಂತಾಗ "ಐದು" ಎಂದಳು.