ವೃತ್ತಿಯ ಒಳಮಾತು ಕಲಿಯುವವರಿಗೆ ಒಂದು ಸಲಹೆ

ಹೊಸ ವೃತ್ತಿಗೆ ಸೇರಿದವರು ಅಲ್ಲಿನ ಒಳಮಾತನ್ನು, ಎಂದರೆ ಆ ವೃತ್ತಿಯವರು ತಮ್ಮತಮ್ಮಲ್ಲಿ ಬಳಸುವ ಪದಗಳನ್ನು, ಕಲಿಯುವಾಗ, ಗೊತ್ತೇ ಇಲ್ಲದ ಪದಗಳಿಗಿಂತ ಗೊತ್ತಿದೆಯೆಂದು ತೋರುವ ಪದಗಳ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು. ‘ಬ್ಲೀಡ್’ ಎಂದರೆ ರಕ್ತ ಸುರಿಯುವುದು ಎಂದು ನಮಗೆ ಗೊತ್ತು; ಆದರೆ ಮುದ್ರಣದವರು ಹಾಗೆನ್ನುವುದು, ಹಾಳೆಯನ್ನು ಕತ್ತರಿಸಿದಾಗ ಅಂಚಿನಲ್ಲಿ ಬಿಳಿಗೆರೆ ಉಳಿಯದಂತೆ, ಚಿತ್ರವನ್ನು ಕತ್ತರಿಸುವ ಗೆರೆಯಿಂದಾಚೆಗೆ ಸಾಮಾನ್ಯವಾಗಿ 3 ಮಿಲಿಮೀಟರ್‌ನಷ್ಟು ವಿಸ್ತರಿಸಿ ಬಿಡುವ ಭಾಗಕ್ಕೆ. ಪ್ರಯೋಗಾಲಯದ ವರದಿ ‘ಪಾಸಿಟಿವ್’ ಎಂದರೆ ಹುಡುಕುತ್ತಿದ್ದುದು ಸಿಕ್ಕಿದೆ ಎಂದಷ್ಟೇ ಅರ್ಥ. ಅದು ಶುಭಸುದ್ದಿಯೇ ಆಗಿರಬೇಕಿಲ್ಲ. ಇಂಥ ಪದ ಕಿವಿಗೆ ಬಿದ್ದಾಗ, ಆಡಿದ ಪೂರ್ತಿ ವಾಕ್ಯವನ್ನೂ ಆಗ ನಡೆಯುತ್ತಿದ್ದ ಕೆಲಸವನ್ನೂ ಬರೆದಿಟ್ಟುಕೊಂಡು, ಬಿಡುವಿನಲ್ಲಿ ಅನುಭವಿಗಳನ್ನು ಕೇಳಿ. ಅರ್ಥವನ್ನು ಊಹಿಸಿಕೊಂಡು ತಲೆಯಾಡಿಸುವುದು (ಹಲವು ಹೊಸಬರು ಮಾಡುವುದು ಇದನ್ನೇ) ದುಬಾರಿಯಾದೀತು. ಗ್ರಾಹಕರೊಡನೆ ಅಥವಾ ರೋಗಿಗಳೊಡನೆ ಮಾತನಾಡುವಾಗ ಮಾತ್ರ ಆ ಪದಗಳನ್ನು ಬದಿಗಿಟ್ಟು, ಎಲ್ಲರೂ ಆಡುವ ಮಾತಿನಲ್ಲೇ ವಿವರಿಸಿ.