ಗಿಳಿ ಓಡಿಸುವ ಮೊದಲು ಎಣಿಸಿ: ಇಬರ್ಡ್ ಆ್ಯಪ್ ಬಳಸೋದು ಹೀಗೆ

ಶಿರಸಿ ಕಡೆ ಭತ್ತ ಬಲಿಯುವ ಹೊತ್ತಿಗೆ ಗದ್ದೆಗೆ ಗಿಳಿ ಹಿಂಡು ಇಳಿಯುತ್ತದೆ, ನಾವು ಡಬ್ಬ ಬಡಿದು ಓಡಿಸುತ್ತೇವೆ. ಓಡಿಸಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು ಹತ್ತು ನಿಮಿಷ ಎಣಿಸಿ ಅಷ್ಟೆ.

ಇಬರ್ಡ್ ಅಂದರೆ ಕಂಡ ಹಕ್ಕಿಗಳ ಪಟ್ಟಿ ಬರೆದು ಕಳಿಸುವ ಆ್ಯಪ್, ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ್ದು, ಪುಕ್ಕಟೆ. ನೆಟ್‌ವರ್ಕ್ ಸಿಗುವ ಕಡೆಯೇ ಖಾತೆ ತೆರೆದು ನಮ್ಮ ಭಾಗದ ಹಕ್ಕಿ ಹೆಸರುಗಳ ಪ್ಯಾಕ್ ಇಳಿಸಿಕೊಳ್ಳಿ. ಆಮೇಲೆ ತೋಟದ ಮೂಲೆಯಲ್ಲಿ ಟವರ್ ಇಲ್ಲದಿದ್ದರೂ ನಡೆಯುತ್ತದೆ, ಜಿಪಿಎಸ್ ಆನ್ ಇರಲಿ, ಪಟ್ಟಿಯನ್ನು ಮನೆಗೆ ಬಂದು ಕಳಿಸಿದರಾಯ್ತು.

ಹಿಂಡು ಎದ್ದಾಗ ಒಂದೊಂದೇ ಎಣಿಸಲು ಹೋದರೆ ಲೆಕ್ಕ ತಪ್ಪುವುದು ಗ್ಯಾರಂಟಿ. ಮೊದಲ ಹತ್ತು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಲ್ಲೇ ಅಳೆದು, ಅಂಥ ಗುಂಪು ಎಷ್ಟಿವೆ ನೋಡಿ. ಅಂದಾಜು 40 ಅಂತ ಬರೆದರೂ ನಡೆಯುತ್ತದೆ. ಎಷ್ಟೆಂದು ಏನೂ ಹೊಳೆಯದಿದ್ದರೆ ಮಾತ್ರ ಸಂಖ್ಯೆಯ ಬದಲು 'ಎಕ್ಸ್' ಹಾಕಿ. ಓಡಿಸಿದ ಹಿಂಡು ಸುತ್ತು ಹೊಡೆದು ಅಲ್ಲೇ ಬರುತ್ತದೆ, ಮತ್ತೆ ಕೂಡಿಸಬೇಡಿ.

ಎಲ್ಲವೂ ಬರೀ 'ಗಿಳಿ' ಅಲ್ಲ. ನಾನು ಮೊದಲ ವರ್ಷ ಕಂಡಿದ್ದನ್ನೆಲ್ಲ ಒಂದೇ ಜಾತಿಗೆ ತುಂಬಿ ಪೆಚ್ಚಾಗಿದ್ದೆ! ಬಾಲದ ತುದಿ ನೋಡಿ. ಬಿಳಿಯಿದ್ದು ತಲೆ ನೇರಳೆಗೆಂಪಾಗಿದ್ದರೆ ಕೆಂದಲೆ ಗಿಳಿಯ ಗಂಡು. ತುದಿ ಹಳದಿ, ತಲೆ ಬೆನ್ನು ಬೂದು, ರೆಕ್ಕೆ ನೀಲಿ ಇದ್ದರೆ ಮಲಬಾರ್ ಗಿಳಿ, ಅದು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಗುಬ್ಬಿಗಿಂತ ಚೂರು ಕಡಿಮೆ ಗಾತ್ರ, ಮೋಟು ಬಾಲ, ಬೆನ್ನಿನ ತುದಿ ಕೆಂಪು ಇದ್ದರೆ ಚಿಟ್ಟುಗಿಳಿ. ಅದು ತಲೆಕೆಳಗಾಗಿ ನೇತಾಡಿಕೊಂಡು ನಿದ್ದೆ ಮಾಡುತ್ತದೆ. ಕಾರವಾರದ ಕಡೆಯವರೂ ಹೂ ಬಿಟ್ಟ ಮರದಲ್ಲಿ ಅದನ್ನು ಹುಡುಕಿ ನೋಡಿ. ಗುರುತು ಸಿಗಲಿಲ್ವಾ? ಜಾತಿ ತಿಳಿಯದ ಗಿಳಿ ಅಂತ ಹಾಕುವ ಆಯ್ಕೆಯೂ ಇದೆ, ಸುಮ್ನೆ ಊಹಿಸಬೇಡಿ.

ಮುಗಿಸುವಾಗ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಕಾಗೆ, ಪಿಕಳಾರವನ್ನೂ ಸೇರಿಸಿದ್ದರೆ ಮಾತ್ರ 'ಹೌದು' ಒತ್ತಿ. ಅಂಥ ಪಟ್ಟಿಗಳಲ್ಲಿ ಎಷ್ಟರಲ್ಲಿ ಗಿಳಿ ಇದೆ, ಎಷ್ಟರಲ್ಲಿ ಇಲ್ಲ ಅಂತ ನೋಡಿಯೇ ಜಾತಿ ಹೆಚ್ಚಿತೋ ಕಡಿಮೆಯಾಯಿತೋ ತಿಳಿಯುವುದು. ಹಾಗಾಗಿ ಗಿಳಿಯೇ ಕಾಣದ ದಿನದ ಪಟ್ಟಿಯನ್ನೂ ಕಳಿಸಿ.

ಗೂಡಿನ ಪೊಟರೆ ಕಂಡರೆ ಮರದ ಫೋಟೊ, ಜಾಗದ ಗುರುತು ಯಾವುದನ್ನೂ ಹಾಕಬೇಡಿ. ಗಿಳಿ ಸಾಕುವುದು ಕಾನೂನಿನಲ್ಲಿ ತಪ್ಪು, ಆದರೂ ಮರಿ ಕದಿಯುವವರು ಇದ್ದಾರೆ. ಅವರ ಕೈಯಲ್ಲೂ ಫೋನ್ ಇರುತ್ತದೆ, ಅಲ್ವಾ?